ಮೊದಲು ಕೇಳಿಸಿ, ಆಮೇಲೆ ಬೆಲೆ ಹೇಳಿ

ಬೆಂಗಳೂರಿನಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಕೊಂಡು ಮಾರುವ ಪುಟ್ಟ ಅಂಗಡಿ ನನ್ನದು. ಈಚೆಗೆ ಕಾಲೇಜು ಹುಡುಗ ಹುಡುಗಿಯರೂ ಪ್ಲೇಟು ಹುಡುಕಿಕೊಂಡು ಬರುತ್ತಾರೆ. ಇಂಥದ್ದೇ ಅಂಗಡಿ ಇಡುವ ಆಸೆಯಿಂದ ವಿಚಾರಿಸುವವರೂ ಉಂಟು. ಅವರಿಗೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಕೇಳಿಸದೆ ಮಾರಬೇಡಿ

ಅಂಗಡಿಗೆ ಮೊದಲು ಬೇಕಾದದ್ದು ಒಂದು ಒಳ್ಳೆಯ ಟರ್ನ್‌ಟೇಬಲ್ಲು, ಎರಡು ಕುರ್ಚಿ. ಪ್ಲೇಟನ್ನು ದೀಪದಡಿ ಓರೆಯಾಗಿ ಹಿಡಿದು ನೋಡಿ. ಕಣ್ಣಿಗೆ ಕಂಡ ಗೀರೆಲ್ಲ ಕಿವಿಗೆ ಬೀಳುವುದಿಲ್ಲ. ಬೆರಳ ತುದಿ ಹಗುರವಾಗಿ ಆಡಿಸಿದಾಗ ತಡೆದರೆ ಮಾತ್ರ ಆ ಗೀರು ಆಳವಾಗಿದೆ ಎಂದರ್ಥ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡು. ಅಡ್ಡಗೀರು ಬಿದ್ದಿದ್ದರೆ ಅಷ್ಟಷ್ಟು ಹೊತ್ತಿಗೊಮ್ಮೆ ‘ಟಿಕ್’ ಎನ್ನುತ್ತಲೇ ಇರುತ್ತದೆ. ಗಿರಾಕಿಗೆ ಆ ಭಾಗವನ್ನೇ ಕೇಳಿಸಿ. ಕೇಳಿಯೂ ಬೇಕು ಎಂದವರು ವಾಪಸು ತರುವುದಿಲ್ಲ.

2. ಎಪ್ಪತ್ತೆಂಟರ ಪ್ಲೇಟು ಬೇರೆ, ಎಲ್‌ಪಿ ಬೇರೆ

ಎರಡನ್ನೂ ಒಂದೇ ಮುಳ್ಳಿನಲ್ಲಿ ನುಡಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ತಂದ ಎಲ್‌ಪಿ ವಿನೈಲ್‌ನದು. ಅದಕ್ಕೂ ಹಿಂದಿನ, ನಿಮಿಷಕ್ಕೆ 78 ಸುತ್ತಿನ ಪ್ಲೇಟು ಅರಗು ಬೆರೆಸಿ ಮಾಡಿದ್ದು, ಕೈ ಜಾರಿದರೆ ಚೂರು. ಅದರ ಗೆರೆ ಸುಮಾರು ಮೂರು ಪಟ್ಟು ಅಗಲವಾದ್ದರಿಂದ ಮುಳ್ಳೂ ದಪ್ಪದ್ದೇ ಬೇಕು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಹಾಡೇ ಹಾಳಾಗುತ್ತದೆ.

ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡಬಲ್ಲವರು ಇಡೀ ರಾಗದ ಚೆಲುವನ್ನು ಅಷ್ಟರಲ್ಲೇ ತೋರಿಸಿದ್ದಾರೆ. 1902ರಲ್ಲಿ ಕಲ್ಕತ್ತದಲ್ಲಿ ರೆಕಾರ್ಡಿಂಗ್‌ಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಪ್ಲೇಟು ಕೈಗೆ ಬಂದಾಗ ಇಷ್ಟನ್ನೂ ಹೇಳದೆ ನಾನು ಕಟ್ಟಿಕೊಡುವುದಿಲ್ಲ.

3. ಲೇಬಲ್ ಓದಲು ಕಲಿಯಿರಿ

ಗಂಗೂಬಾಯಿ ಹಾನಗಲ್ ಅವರ ಶುರುವಿನ ಎಚ್‌ಎಂವಿ ಪ್ಲೇಟುಗಳ ಮೇಲೆ ಇರುವ ಹೆಸರು ‘ಗಾಂಧಾರಿ’. ಗೊತ್ತಿಲ್ಲದವರು ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಹಾಕಿ ಕೇಳಿದರೂ ನಂಬುವುದು ಕಷ್ಟ, ಏಕೆಂದರೆ ಆಗಿನ್ನೂ ಅವರದು ತೆಳುವಾದ ಏರುದನಿ. ನಾವೆಲ್ಲ ಬಲ್ಲ ಆ ಗಡಸು ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು. ಆ ಹಳೆಯ ದನಿಯನ್ನು ಹಿಡಿದಿಟ್ಟಿರುವುದು ಈ ಅರಗಿನ ತಟ್ಟೆಗಳೇ. ಸಂಡೇ ಬಜಾರಿನ ರಾಶಿಯಲ್ಲಿ ಕೈಯಾಡಿಸುವಾಗ ಇಂಥ ತಿಳಿವಳಿಕೆಯೇ ನಿಮ್ಮ ಬಂಡವಾಳ.

4. ನಿಲ್ಲಿಸಿಡಿ

ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಿಗೆ ಬಿಟ್ಟ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ರೆಕಾರ್ಡುಗಳ ಕವರಿನಲ್ಲಿ ಬೂಷ್ಟು ಇರುತ್ತದೆ, ಅವನ್ನು ಬೇರೆಯೇ ಇಡಿ.

5. ಮಾರಲು ಬಂದವರಿಗೆ ನಿಜಬೆಲೆ ಹೇಳಿ

ಹೆಚ್ಚಾಗಿ ಬರುವವರು ಅಪ್ಪನೋ ತಾತನೋ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿರುವ ಮಕ್ಕಳು. ಅವರಿಗೆ ಬೆಲೆ ಗೊತ್ತಿರುವುದಿಲ್ಲ. ಲಕ್ಷಗಟ್ಟಲೆ ಮಾರಾಟವಾದ ಹಿಂದಿ ಸಿನಿಮಾದ ಎಲ್‌ಪಿಗೆ ಹೆಚ್ಚು ದುಡ್ಡು ಹುಟ್ಟದು. ಒಂದೂ ಕಳೆಯದೆ ಉಳಿದ ಕನ್ನಡ ನಾಟಕದ ಸೆಟ್ಟಿಗೆ ಹುಟ್ಟುತ್ತದೆ. ಎರಡನ್ನೂ ಬಾಯಿಬಿಟ್ಟು ಹೇಳಿ. ಕೊಳ್ಳುವ ಮುನ್ನ ಅವರ ಅಪ್ಪನಿಗೆ ಇಷ್ಟವಾಗಿದ್ದ ಒಂದನ್ನು ಹಾಕಿ ಕೇಳಿಸಿ. ಕೆಲವರು ಆ ಒಂದನ್ನು ವಾಪಸು ಒಯ್ಯುತ್ತಾರೆ. ಒಯ್ಯಲಿ ಬಿಡಿ.

6. ಚೆಂದದ ಪೆಟ್ಟಿಗೆಗೆ ಮರುಳಾಗಬೇಡಿ

ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಪ್ಲೇಟು ಬೇಗ ಸವೆಯುವಷ್ಟು ಮುಳ್ಳಿನ ಭಾರ ಹೆಚ್ಚು. ಒಳ್ಳೆಯ ಟರ್ನ್‌ಟೇಬಲ್ಲಿನಲ್ಲಿ ಅದು ಎರಡು ಗ್ರಾಂ ಆಸುಪಾಸು. ಹೊಸಬರಿಗೆ ನನ್ನ ಸಲಹೆ: ಪ್ಲೇಟು ನಾಲ್ಕು ಕಡಿಮೆ ಕೊಳ್ಳಿ, ಮುಳ್ಳು ಒಳ್ಳೆಯದು ಕೊಳ್ಳಿ.

7. ಅಂಗಡಿ ನಾಲ್ಕು ಜನ ಕೂಡುವ ಜಾಗ

2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ವಿನೈಲ್ ರೆಕಾರ್ಡುಗಳೇ ಹೆಚ್ಚು ಬಿಕರಿಯಾದವು. ಅದರ ಹಿಂದೆ ಸಣ್ಣ ಅಂಗಡಿಗಳ ಹಟವಿದೆ. ಅವು ಒಟ್ಟಾಗಿ 2008ರಿಂದ ‘ರೆಕಾರ್ಡ್ ಸ್ಟೋರ್ ಡೇ’ ಆಚರಿಸುತ್ತಿವೆ, ಸಾಮಾನ್ಯವಾಗಿ ಏಪ್ರಿಲ್‌ನ ಒಂದು ಶನಿವಾರ. ಅದೇ ಹೊತ್ತಿಗೆ ನಮ್ಮಲ್ಲಿ ಮುಂಬೈಯ ರಿದಮ್ ಹೌಸ್‌ನಂಥ ಹೆಸರುವಾಸಿ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಆನ್‌ಲೈನ್‌ನಲ್ಲಿ ಪ್ಲೇಟು ಸಿಗುತ್ತದೆ, ನಿಜ. ಆದರೆ ಕಾಳಿಂಗರಾಯರನ್ನು ಕೇಳಲು ಬಂದ ಹಿರಿಯರು, ಜಾಝ್ ಹುಡುಕಿ ಬಂದ ಹುಡುಗಿ ಪಕ್ಕಪಕ್ಕ ಕೂತು ಒಬ್ಬರದನ್ನು ಒಬ್ಬರು ಕೇಳುವುದು ಅಂಗಡಿಯಲ್ಲಿ ಮಾತ್ರ. ಏನೂ ಕೊಳ್ಳದೆ ಕೇಳಿ ಹೋಗುವವರಿಗೂ ಕುರ್ಚಿ ಕೊಡಿ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪ್ಲೇಟುಗಳಿದ್ದರೆ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಹತ್ತಿರದ ರೆಕಾರ್ಡ್ ಅಂಗಡಿಗೆ ಒಯ್ದು ಒಮ್ಮೆ ಹಾಕಿಸಿ ಕೇಳಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ನೋಡಿದರಾಯಿತು.