ಐದನೆಯ ಶೀಲ ಮತ್ತು ನೋವಿನ ಗುಳಿಗೆ





ಕಳೆದ ರವಿವಾರ ವಂದನೆ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಪಂಚಶೀಲ ತಗೊಂಡವರು ಅಮಲು ಬರೂ ಔಷಧ ತಗೋಬಹುದೇನ್ರಿ?" ಬಳಗದವರು ನನ್ನ ಕಡೆ ನೋಡಿದರು. ನಾನು ದಾದಿ. ವಾಸಿಯಾಗದ ಕಾಯಿಲೆಯವರ ಮನೆಗೆ ಹೋಗಿ ನೋಡಿಕೊಳ್ಳುವುದು ನನ್ನ ಕೆಲಸ. ತೆಲಸಂಗ, ಸುತ್ತಲಿನ ಹಳ್ಳಿಗಳು, ಹೊಲದ ವಸತಿಗಳು, ಎಲ್ಲ ಕಡೆ ತಿರುಗುತ್ತೇನೆ. ಗಾಯ ತೊಳೆಯುತ್ತೇನೆ, ಬೆನ್ನಿಗೆ ಹುಣ್ಣಾಗದಂತೆ ಮಗ್ಗಲು ಬದಲಿಸುವುದನ್ನು ಮನೆಯವರಿಗೆ ಕಲಿಸುತ್ತೇನೆ, ನೋವಿನ ಮತ್ತು ಔಷಧದ ಲೆಕ್ಕ ಇಡುತ್ತೇನೆ. ಆ ತಾಯಿಗೆ ಅಂದು ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇವತ್ತಿನ ಪಾಠವನ್ನು ಅದಕ್ಕಾಗಿ ಬರೆದಿದ್ದೇನೆ. ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ಒಬ್ಬ ಹಿರಿಯ ಉಪಾಸಕರ ವಿಷಯ ಹೇಳುತ್ತೇನೆ.

ಅವರಿಗೆ ಎಪ್ಪತ್ತು ದಾಟಿತ್ತು. ಬಾಯಿಯ ಕ್ಯಾನ್ಸರ್. ದೀಕ್ಷೆ ತೆಗೆದುಕೊಂಡ ದಿನವೇ ಸೆರೆ ಬಿಟ್ಟವರು, ಮತ್ತೆ ಮುಟ್ಟಲಿಲ್ಲ. ಆದರೆ ತಂಬಾಕು ಬಿಡಲಾಗಿರಲಿಲ್ಲ. ತಂಬಾಕನ್ನೇ ನಂಬಿ ಬದುಕುವ ನಿಪ್ಪಾಣಿ ಸೀಮೆ ನಮಗೆ ದೂರವಲ್ಲ. ಇಲ್ಲಿ ತಂಬಾಕನ್ನು ಯಾರೂ ಅಮಲು ಎಂದು ಎಣಿಸುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಚಿಕಿತ್ಸೆ ಮುಗಿಸಿ, ಇನ್ನು ಮನೆಯಲ್ಲೇ ಆರೈಕೆ ಮಾಡಿರಿ ಎಂದು ಕಳಿಸಿದ್ದರು. ನೋವಿಗೆಂದು ವೈದ್ಯರು ಮಾರ್ಫಿನ್ ಗುಳಿಗೆ ಬರೆದುಕೊಟ್ಟಿದ್ದರು.

ಅವರ ಮಾತು ತಿಳಿಯುತ್ತಿರಲಿಲ್ಲ. ಮೊಮ್ಮಗನ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ನೋವು ಇಲ್ಲವೇ ಇಲ್ಲ ಎಂದರೆ 0, ತಡೆಯಲಾರದಷ್ಟು ಎಂದರೆ 10, ಈಗ ಎಷ್ಟಿದೆ ಬರೆಯಿರಿ ಎಂದೆ. 2 ಎಂದು ಬರೆದರು. ಬರೆಯುವಾಗ ಎಡಗೈ ಹೊರಸಿನ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದು ಸೊಸೆ ಬಾಗಿಲಲ್ಲೇ ಹೇಳಿದ್ದರು. ಗುಳಿಗೆಯ ಚೀಟಿ ಹಾಗೇ ತುಂಬಿತ್ತು.

ಯಾಕೆ ತಗೊಂಡಿಲ್ಲ ಅಜ್ಜಾ ಎಂದು ಕೇಳಿದೆ. "ಇದು ಅಫೀಮು. ನನಗ ಶೀಲ ಐತಿ" ಎಂದು ಬರೆದರು.

ಅವರ ಮಾತು ಸುಳ್ಳಲ್ಲ. ಮಾರ್ಫಿನ್ ಆಗುವುದು ಅಫೀಮಿನಿಂದಲೇ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನು ಎಂಬುದೂ ಒಂದು. ಸೆರೆ ಬಿಟ್ಟದ್ದು ಆ ಮನೆಯ ಮಾನ. ಅದರಿಂದಲೇ ಮಕ್ಕಳು ಓದಿದರು, ಮನೆ ಕಟ್ಟಿದರು. ಅಂಥವರು ಕೊನೆಗಾಲದಲ್ಲಿ ಅಮಲಿನಲ್ಲಿ ಸಾಯಲು ಒಲ್ಲೆ ಎಂದರೆ ಅದನ್ನು ಹಠ ಎಂದು ಹೇಗೆ ತಳ್ಳಿಹಾಕುವುದು?

ಮಗ ನನ್ನನ್ನು ಹಿತ್ತಲಿಗೆ ಕರೆದ. "ಅಕ್ಕಾ, ಅರದು ಹಾಲಾಗ ಹಾಕಿ ಕೊಟ್ಟಬಿಡ್ರಿ. ಅವ್ರಿಗೆ ಗೊತ್ತಾಗೂದಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ನಿಜ ಹೇಳುತ್ತೇನೆ, ಗುಳಿಗೆ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಆಗ ನೆನಪಾದದ್ದು ನಾಲ್ಕನೆಯ ಶೀಲ. ಅವರ ಐದನೆಯ ಶೀಲವನ್ನು ದಾಟಿಸಲು ನಾನು ನನ್ನ ನಾಲ್ಕನೆಯದನ್ನು ಮುರಿಯಬೇಕೇ? ಅದೂ ಅಲ್ಲದೆ, ಸಾಯುತ್ತಿರುವ ಮನುಷ್ಯನ ಬಾಯಿಗೆ ಹೋಗುವುದು ಏನೆಂದು ಅವನಿಗೆ ತಿಳಿಯದಂತೆ ಮಾಡುವುದು ಯಾವ ಕರುಣೆ? ಇವತ್ತೊಂದು ರಾತ್ರಿ ಬಿಡಪ್ಪಾ ಎಂದೆ. ಆ ರಾತ್ರಿಯ ನೋವನ್ನು ಅವರು ಅನುಭವಿಸಿದರು. ಅದು ನನಗೆ ಇನ್ನೂ ಚುಚ್ಚುತ್ತದೆ.

ಮನೆಗೆ ಬಂದು ವಿನಯಪಿಟಕದ ಮಹಾವಗ್ಗ ತೆಗೆದೆ. ಅದರಲ್ಲಿ ಔಷಧಗಳ ಅಧ್ಯಾಯವೇ ಇದೆ, ಭೇಸಜ್ಜಕ್ಖಂಧಕ. ಪಿಲಿಂದವಚ್ಛ ಎಂಬ ಭಿಕ್ಖುವಿಗೆ ವಾತರೋಗ. ವೈದ್ಯರು ಎಣ್ಣೆ ಕಾಯಿಸಿ ಕೊಡಬೇಕೆಂದರು. ಆ ಎಣ್ಣೆಗೆ ಮದ್ಯ ಸೇರಬೇಕಿತ್ತು. ಭಗವಾನರು ಒಪ್ಪಿದರು. ಮುಂದೆ ಕೆಲವು ಭಿಕ್ಖುಗಳು ಅದನ್ನೇ ನೆಪ ಮಾಡಿ ಮದ್ಯ ಹೆಚ್ಚು ಸುರಿದು ಕುಡಿದು ಅಮಲೇರಿದರು. ಆಗ ಭಗವಾನರು ಔಷಧವನ್ನೇ ನಿಷೇಧಿಸಲಿಲ್ಲ, ಅಳತೆ ಕಟ್ಟಿದರು. ಎಣ್ಣೆಯಲ್ಲಿ ಮದ್ಯದ ಬಣ್ಣ, ವಾಸನೆ, ರುಚಿ ಕಾಣಬಾರದು. ಹೆಚ್ಚು ಬೆರೆಸಿದ್ದು ಇದ್ದರೆ ಅದನ್ನು ಮೈಗೆ ತಿಕ್ಕಲು ಬಳಸಿರಿ ಎಂದರು.

ಇಲ್ಲಿ ಕಲಿಯಬೇಕಾದದ್ದು ಏನು? ಐದನೆಯ ಶೀಲದಲ್ಲಿ ಪಮಾದ ಎಂಬ ಮಾತಿದೆ. ಪಮಾದ ಎಂದರೆ ಎಚ್ಚರಗೇಡಿತನ. ಎಚ್ಚರ ಕೆಡಿಸುವ ಅಮಲಿನಿಂದ ದೂರ ಇರುವುದೇ ಆ ಶೀಲ. ವೈದ್ಯರು ಹೇಳಿದ ಅಳತೆಯಲ್ಲಿ, ನೋವಿಗಾಗಿ ತೆಗೆದುಕೊಂಡದ್ದು ಔಷಧ. ಮೈಮರೆಯಲು ತೆಗೆದುಕೊಂಡದ್ದು ಅಮಲು. ವಸ್ತು ಒಂದೇ ಇರಬಹುದು, ಉದ್ದೇಶ ಮತ್ತು ಅಳತೆ ಬೇರೆ.

ಮರುದಿನ ಪಿಲಿಂದವಚ್ಛರ ಕತೆಯನ್ನು ಅವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪಾಟಿಯ ಮೇಲೆ, "ಅಳತಿ ಯಾರು ನೋಡೂದು?" ಎಂದು ಬರೆದರು. ವೈದ್ಯರು, ಗಡಿಯಾರ, ಮತ್ತ ನೀವು ಎಂದೆ. ಖರೇ ಅಂಕಿ ನೀವು ಬರದ್ರನ ನಮಗ ಅಳತಿ ತಿಳಿಯೂದು ಎಂದೆ. 2 ಅಳಿಸಿದರು. 9 ಬರೆದರು.

ಅಂಗುತ್ತರ ನಿಕಾಯದಲ್ಲಿ ಆರೈಕೆಗೆ ಸುಲಭವಾಗುವ ರೋಗಿಯ ಐದು ಗುಣಗಳನ್ನು ಹೇಳಿದೆ. ತನಗೆ ಹಿತವಾದದ್ದನ್ನು ಮಾಡುವುದು. ಹಿತವಾದದ್ದರಲ್ಲೂ ಮಿತಿ ತಿಳಿಯುವುದು. ಔಷಧ ತೆಗೆದುಕೊಳ್ಳುವುದು. ಕಾಯಿಲೆ ಹೆಚ್ಚಿದೆಯೋ ಕಡಿಮೆಯಿದೆಯೋ ಇದ್ದದ್ದನ್ನು ಇದ್ದಂತೆ ಹೇಳುವುದು. ಮೈಯ ನೋವನ್ನು ತಾಳಿಕೊಳ್ಳುವುದು. ತಾಳ್ಮೆ ಅದರಲ್ಲಿ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಆದರೆ ಔಷಧ ತೆಗೆದುಕೊಂಡು, ನಿಜ ಹೇಳಿ, ಆಮೇಲೂ ಉಳಿದದ್ದನ್ನು ತಾಳಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮೊದಲನೆಯ ನಾಲ್ಕನ್ನು ಬಿಟ್ಟು ಐದನೆಯದನ್ನೇ ಹಿಡಿದರೆ ಅದು ಧಮ್ಮವಲ್ಲ. ನಮ್ಮ ಹಿರಿಯರಿಗೆ ತಲೆತಲಾಂತರದಿಂದ "ತಡಕೊ" ಎಂದೇ ಕಲಿಸಿದರು. ಹಸಿವೆ ತಡಕೊ, ಬೈಗುಳ ತಡಕೊ, ದೂರ ನಿಲ್ಲು. 9 ಇದ್ದದ್ದನ್ನು 2 ಎಂದು ಬರೆದ ಕೈಗೆ ಆ ಪಾಠ ಬುದ್ಧರಿಂದ ಬಂದದ್ದಲ್ಲ.

ಪಕ್ಕದ ಮನೆಯವರು "ಹಿಂದಿನ ಜನ್ಮದ್ದು, ಉಣ್ಣಬೇಕು" ಎಂದದ್ದೂ ಅವರ ಕಿವಿಗೆ ಬಿದ್ದಿತ್ತು. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳುತ್ತಾನೆ. ಎಲ್ಲ ವೇದನೆಯೂ ಹಿಂದೆ ಮಾಡಿದ್ದರ ಫಲ ಎನ್ನುವವರು ತಪ್ಪಿದ್ದಾರೆ ಎಂದು ಭಗವಾನರು ಉತ್ತರಿಸಿ, ಪಿತ್ತ, ಕಫ, ವಾತ, ಹವೆಯ ಬದಲಾವಣೆ, ಪೆಟ್ಟು ಮುಂತಾದ ಕಾರಣಗಳನ್ನು ಎಣಿಸುತ್ತಾರೆ. ಹಿಂದಿನ ಜನ್ಮದ ಪಾಪವೇ ಇಂದಿನ ದುಃಖ ಎಂಬ ವಾದವನ್ನು ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದರು. ಆ ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ, ಅವರ ಪರಿನಿಬ್ಬಾಣದ ನಂತರ. ಅದನ್ನು ಬರೆಯುವ ಕಾಲಕ್ಕೆ ಅವರಿಗೆ ಮಧುಮೇಹ ಮೈಯನ್ನು ತಿನ್ನುತ್ತಿತ್ತು. ಇನ್ಸುಲಿನ್ ತೆಗೆದುಕೊಂಡರು, ವೈದ್ಯೆಯಾದ ಸವಿತಾ ಮಾಯಿಯ ಆರೈಕೆ ಪಡೆದರು, ಕೆಲಸ ಮುಗಿಸಿದರು.

ಇನ್ನು ಔಷಧದ ವಿಷಯ, ಇದನ್ನು ಗಮನವಿಟ್ಟು ಓದಿರಿ. ಕ್ಯಾನ್ಸರ್ ನೋವಿಗೆ ಬಾಯಿಯಿಂದ ಕೊಡುವ ಮಾರ್ಫಿನ್ ಸರಿಯಾದ ಔಷಧ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಅದು ಆಸ್ಪತ್ರೆಗಳಿಗೂ ಸಿಗದಂತಾಗಿತ್ತು. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ಸಾಮಾನ್ಯ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ತಾಸು. ಆದ್ದರಿಂದ ನೋವು ಬಂದ ಮೇಲೆ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಮೊದಲ ಎರಡು ಮೂರು ದಿನ ಮಂಪರು, ಓಕರಿಕೆ ಬರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಬೇಕು. ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿರಿ, ಒಮ್ಮೆಲೇ ನಿಲ್ಲಿಸಬೇಡಿರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾದರೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಬೀಗ ಹಾಕಿ ಇಡಿರಿ, ಇನ್ನೊಬ್ಬರಿಗೆ ಕೊಡಬೇಡಿರಿ, ಉಳಿದದ್ದನ್ನು ಆಸ್ಪತ್ರೆಗೆ ಹಿಂದಿರುಗಿಸಿರಿ.

ಉಪಾಸಕರಿಗೂ ಎರಡು ದಿನ ಮಂಪರು ಬಂತು. ಹೆದರಿದರು. ಮೂರನೆಯ ದಿನ ಎದ್ದು ಕೂತರು, ಪಾಟಿಯಲ್ಲಿ 4. ಇನ್ನೊಂದು ಮಾತು ಹೇಳಲೇಬೇಕು. ಗಾಯದ ವಾಸನೆಗೆ ನೆಂಟರು ಅಂಗಳದಲ್ಲೇ ನಿಂತು ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ಹೊರಗೆ ನಿಂತ ಮನುಷ್ಯ, ಮುಪ್ಪಿನಲ್ಲಿ ತನ್ನ ಮನೆಯಲ್ಲೇ ಒಳಗೆ ಒಂಟಿಯಾಗಿದ್ದರು. ವೈದ್ಯರ ಸಲಹೆಯಂತೆ ಮೆಟ್ರೊನಿಡಜೋಲ್ ಗುಳಿಗೆಯನ್ನು ಪುಡಿ ಮಾಡಿ ಗಾಯಕ್ಕೆ ಹಾಕತೊಡಗಿದ ಮೇಲೆ ವಾಸನೆ ಇಳಿಯಿತು. ಹೊಟ್ಟೆಬೇನೆಯಿಂದ ತನ್ನದೇ ಮಲದಲ್ಲಿ ಬಿದ್ದಿದ್ದ ಭಿಕ್ಖುವಿಗೆ ಭಗವಾನರು ನೀರು ಹಾಕಿದರು, ಆನಂದರು ತೊಳೆದರು, ಒಬ್ಬರು ತಲೆ ಒಬ್ಬರು ಕಾಲು ಹಿಡಿದು ಮಂಚಕ್ಕೆ ಎತ್ತಿದರು ಎಂದು ಮಹಾವಗ್ಗ ಹೇಳುತ್ತದೆ. ಇದನ್ನು ಮಗನಿಗೂ ಸೊಸೆಗೂ ಓದಿ ಹೇಳಿದೆ. ಮರುದಿನದಿಂದ ಮಗನೇ ಗಾಯ ತೊಳೆದ.

ಆಮೇಲೆ ಅವರು ಹನ್ನೊಂದು ದಿನ ಇದ್ದರು. ಯಾರಿಗೆ ಎಷ್ಟು ಕೊಡಬೇಕು ಎಂದು ಬರೆಸಿದರು, ತಿಥಿ ಪಿಂಡ ಯಾವುದೂ ಬೇಡ ಎಂದು ಬರೆದಿಟ್ಟರು, ಮನೆಯವರು ಹೇಳಿದ ತ್ರಿಸರಣಕ್ಕೆ ಕೈ ಮುಗಿದರು. ಇವೆಲ್ಲ ಎಚ್ಚರದ ಕೆಲಸಗಳು. ಕೊನೆಗೆ ಪಾಟಿಯ ಮೇಲೆ ಉಳಿದದ್ದು 3. ಸೊನ್ನೆ ಆಗಲಿಲ್ಲ. ಆ ಮೂರನ್ನು ಅವರು ತಾಳಿಕೊಂಡರು.

ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ: ತೆಗೆದುಕೊಳ್ಳಬಹುದು. ವೈದ್ಯರ ಅಳತೆಯಲ್ಲಿ, ತಿಳಿದು, ತಿಳಿಸಿ.

ಇಂದಿನ ಮನನಕ್ಕೆ:
1. ನನ್ನ ಮನೆಯಲ್ಲಿ ನೋವನ್ನು ಬಚ್ಚಿಡುವವರು ಯಾರು? ನಾನು ಕೊನೆಯ ಸಲ ಅವರನ್ನು ಕೇಳಿದ್ದು ಯಾವಾಗ?
2. ರೋಗಿಯ ಒಳ್ಳೆಯದಕ್ಕೆ ಎಂದು ನಾನು ಅವರಿಗೆ ಸುಳ್ಳು ಹೇಳಿದ್ದುಂಟೇ?
3. ತಂಬಾಕನ್ನು ನಾನು ಐದನೆಯ ಶೀಲದ ಒಳಗೆ ಎಣಿಸಿದ್ದೇನೆಯೇ?

ರವಿವಾರ ಚರ್ಚಿಸೋಣ.

ಸಬ್ಬೇ ಸತ್ತಾ ಸುಖಿ ಹೋಂತು. ಸಾಧು, ಸಾಧು, ಸಾಧು. ಜೈ ಭೀಮ್.