ಮ್ಯಾಕ್ರೊ ಎಲ್ಲ ಕಂಪ್ಯೂಟರ್‌ನಲ್ಲೂ ಓಡಬೇಕೆ? ಇಲ್ಲಿವೆ 8 ಸೂತ್ರಗಳು

ಧಾರವಾಡ ದಾಟಿ ಬೆಳಗಾವಿ ಹೆದ್ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ. ಟಾಟಾ ಮೋಟರ್ಸ್‌ನಂಥ ದೊಡ್ಡ ಘಟಕವೂ ಇಲ್ಲಿದೆ, ಸಣ್ಣ ಘಟಕಗಳೂ ಇವೆ. ಸ್ಟೋರ್ಸ್ ಇರಲಿ, ಡಿಸ್‌ಪ್ಯಾಚ್ ಇರಲಿ, ಇಂಥ ಕಡೆ ಎಕ್ಸೆಲ್ ಬಲ್ಲವರಿಗೆ ಬೆಲೆ ಇದೆ. ಆದರೆ ನೀವು ಬರೆದ ಮ್ಯಾಕ್ರೊ ನಿಮ್ಮ ಟೇಬಲ್ ಮೇಲೆ ಸರಸರ ಓಡಿ, ಪಕ್ಕದ ಟೇಬಲ್‌ನಲ್ಲಿ ಮುಗ್ಗರಿಸಿದರೆ? "ನನ್ನ ಸಿಸ್ಟಮ್‌ನಲ್ಲಿ ಸರಿ ಇದೆ ಸರ್" ಎಂಬುದು ಉತ್ತರವಲ್ಲ. ಎರಡು ಕಂಪ್ಯೂಟರ್‌ಗಳ ನಡುವಿನ ವ್ಯತ್ಯಾಸ ಹುಡುಕಿ. ಅಲ್ಲಿಂದಲೇ ನಿಮ್ಮ ಬೆಳವಣಿಗೆ ಶುರು.

1. ಊಹೆ ಬಿಡಿ, ಪಟ್ಟಿ ಮಾಡಿ.
ಆಫೀಸ್ ವರ್ಷನ್, 32 ಬಿಟ್ಟೋ 64 ಬಿಟ್ಟೋ, ತಾರೀಖಿನ ಸೆಟ್ಟಿಂಗ್, ಫೈಲ್ ಇರುವ ಫೋಲ್ಡರ್: ಎರಡೂ ಕಂಪ್ಯೂಟರ್‌ಗಳದ್ದನ್ನು ಅಕ್ಕಪಕ್ಕ ಬರೆಯಿರಿ. ಎರರ್ ನಂಬರ್ ಕೂಡ ಬರೆದುಕೊಳ್ಳಿ. ಕೋಡ್ ಒಂದೇ ಆಗಿದ್ದರೆ ಕಾರಣ ಈ ಪಟ್ಟಿಯಲ್ಲೇ ಸಿಗುವ ಸಾಧ್ಯತೆ ಹೆಚ್ಚು.

2. ಮೊದಲು ಬೀಗ ನೋಡಿ.
ಮೇಲ್‌ನಲ್ಲಿ ಬಂದ ಫೈಲಿನ ಮ್ಯಾಕ್ರೊವನ್ನು 2022ರಿಂದ ಆಫೀಸ್ ತಾನಾಗಿಯೇ ತಡೆಯುತ್ತದೆ. ಕಳಿಸಿದವರು ಗೊತ್ತಿದ್ದರೆ ಮಾತ್ರ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಮಾಡಿ. ಸೆಕ್ಯುರಿಟಿಯನ್ನೇ ಪೂರ್ತಿ ಇಳಿಸಬೇಡಿ. ಒಂದು ಫೈಲಿಗಾಗಿ ಇಡೀ ಮನೆಯ ಬಾಗಿಲು ತೆರೆದಿಡುವವರಿಲ್ಲ.

3. ರೆಫರೆನ್ಸಸ್ ಪಟ್ಟಿ ತೆರೆಯಿರಿ.
ವಿಬಿಎ ಎಡಿಟರ್‌ನ ಟೂಲ್ಸ್ ಮೆನುವಿನಲ್ಲಿದೆ. ಯಾವುದಾದರೂ ಸಾಲಿನ ಮುಂದೆ 'ಮಿಸ್ಸಿಂಗ್' ಎಂದಿದೆಯೇ ನೋಡಿ. ಹೊಸ ಆಫೀಸಿನಲ್ಲಿ ಸೇವ್ ಮಾಡಿದ ಔಟ್‌ಲುಕ್ ಲೈಬ್ರರಿ ಹಳೆಯದರಲ್ಲಿ ಸಿಗುವುದಿಲ್ಲ. ಆಗ ಲೆಫ್ಟ್, ಫಾರ್ಮ್ಯಾಟ್‌ನಂಥ ಪಾಪದ ಫಂಕ್ಷನ್ ಮೇಲೆ ಎರರ್ ಬೀಳುತ್ತದೆ. ಕ್ರಿಯೇಟ್‌ಆಬ್ಜೆಕ್ಟ್ ಬಳಸಿ, ಆ ಲೈಬ್ರರಿಯ ಟಿಕ್ ತೆಗೆಯಿರಿ.

4. 64 ಬಿಟ್‌ಗೆ ಸಿದ್ಧರಾಗಿ.
ಆಫೀಸ್ 2010ರಲ್ಲಿ 64 ಬಿಟ್ ಬಂತು. 2019ರಿಂದ ಅದೇ ಮಾಮೂಲಿ ಇನ್‌ಸ್ಟಾಲ್. ಹಳೆಯ ಡಿಕ್ಲೇರ್ ಸಾಲುಗಳಿಗೆ ಪಿಟಿಆರ್‌ಸೇಫ್ ಸೇರಿಸಿ, ಹ್ಯಾಂಡಲ್‌ಗಳಿಗೆ ಲಾಂಗ್‌ಪಿಟಿಆರ್ ಕೊಡಿ. ಇಲ್ಲವಾದರೆ ಕೋಡ್ ಕಂಪೈಲೇ ಆಗುವುದಿಲ್ಲ.

5. ತಾರೀಖನ್ನು ನೀವೇ ಕಟ್ಟಿ.
ಒಂದು ಪಿಸಿಯಲ್ಲಿ ಇಂಡಿಯಾ ಸೆಟ್ಟಿಂಗ್, ಇನ್ನೊಂದರಲ್ಲಿ ಅಮೆರಿಕದ್ದು ಎಂದಿಟ್ಟುಕೊಳ್ಳಿ. ಟೆಕ್ಸ್ಟ್ ಆಗಿ ಬಂದ ಚಲನ್ ತಾರೀಖು 03/04/2024 ಅನ್ನು ಸಿಡೇಟ್‌ಗೆ ಕೊಟ್ಟರೆ ಒಂದರಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಆದರೆ 13/04/2024 ಕೊಡಿ, ಎರಡರಲ್ಲೂ ಏಪ್ರಿಲ್ 13! ಹದಿಮೂರನೇ ತಿಂಗಳಿಲ್ಲವಲ್ಲ, ಸಿಡೇಟ್ ಸದ್ದಿಲ್ಲದೆ ತಿರುಗಿಸಿ ಓದುತ್ತದೆ. ಹೀಗಾಗಿ 12ನೇ ತಾರೀಖಿನವರೆಗೆ ಲೆಕ್ಕ ಕೆಡುತ್ತದೆ, ಆಮೇಲೆ ನೆಟ್ಟಗಾಗುತ್ತದೆ. "ತಾನೇ ಸರಿಹೋಯಿತು" ಎಂದು ಕೈಬಿಡಬೇಡಿ. ಮುಂದಿನ ತಿಂಗಳು ಮತ್ತೆ ಕೆಡುತ್ತದೆ. ವರ್ಷ, ತಿಂಗಳು, ದಿನ ಬಿಡಿಸಿ ಡೇಟ್‌ಸೀರಿಯಲ್‌ಗೆ ಕೊಡಿ. ಸೆಟ್ಟಿಂಗ್ ಯಾವುದೇ ಇರಲಿ, ಉತ್ತರ ಒಂದೇ.

6. ನಿಮ್ಮ ಡೆಸ್ಕ್‌ಟಾಪ್ ವಿಳಾಸ ಕೋಡ್‌ನಲ್ಲಿ ಬರೆಯಬೇಡಿ.
ಆ ಫೋಲ್ಡರ್ ಪಕ್ಕದವರ ಬಳಿ ಇಲ್ಲ. ದಿಸ್‌ವರ್ಕ್‌ಬುಕ್ ಇರುವ ಜಾಗದಿಂದ ದಾರಿ ಹಿಡಿಯಿರಿ. ಆಕ್ಟಿವ್‌ವರ್ಕ್‌ಬುಕ್ ನಂಬಬೇಡಿ, ಅವರು ಇನ್ನೊಂದು ಫೈಲ್ ಕ್ಲಿಕ್ ಮಾಡಿದರೆ ನಿಮ್ಮ ಡೇಟಾ ಅಲ್ಲಿಗೆ ಹೋಗುತ್ತದೆ.

7. ಕನ್ನಡವನ್ನು ಸೆಲ್‌ನಲ್ಲಿಡಿ.
ವಿಬಿಎ ಎಡಿಟರ್ ಯೂನಿಕೋಡ್ ಹಿಡಿಯುವುದಿಲ್ಲ. ಅದರೊಳಗೆ ಕನ್ನಡ ಟೈಪಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಗೋಜಲು. ಯೂನಿಕೋಡ್‌ನಲ್ಲಿ ಹೆಸರುಗಳನ್ನು ಒಂದು ಶೀಟ್‌ನಲ್ಲಿಡಿ, ಕೋಡ್ ಅಲ್ಲಿಂದ ಓದಲಿ.

8. ಎರರ್ ಮುಚ್ಚಿಡಬೇಡಿ.
'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ತೆಗೆದು ನೋಡಿ. ಆಪ್ಷನ್ ಎಕ್ಸ್‌ಪ್ಲಿಸಿಟ್ ಹಾಕಿ. ಎಫ್8 ಒತ್ತುತ್ತ ಸಾಲು ಸಾಲಾಗಿ ಹೋಗಿ. ಕಣ್ಣಿಗೆ ಕಂಡ ತಪ್ಪು ಅರ್ಧ ಸರಿಹೋದಂತೆ.

"ನಾನು ಬಿ.ಕಾಂ. ಓದಿದವನು, ಕೋಡ್ ನನಗೆಲ್ಲಿ ಹತ್ತುತ್ತದೆ?" ಎಂಬ ಅನುಮಾನ ಬರೀ ಒಂದು ಅಭ್ಯಾಸ. ಎಫ್8 ನಿಮ್ಮ ಡಿಗ್ರಿ ಕೇಳುವುದಿಲ್ಲ. ನಾಳೆ ಶಿಫ್ಟ್ ಶುರುವಾಗುವ ಮುಂಚೆ ನಿಮ್ಮ ಫೈಲನ್ನು ಆಫೀಸಿನ ಅತಿ ಹಳೆಯ ಕಂಪ್ಯೂಟರ್‌ಗೆ ಒಯ್ಯಿರಿ. 12ನೇ ತಾರೀಖಿನೊಳಗಿನ ಒಂದು ಚಲನ್ ಹಾಕಿ ಓಡಿಸಿ. ಅಲ್ಲಿ ಪಾಸಾದ ಮೇಲೆಯೇ ಮ್ಯಾನೇಜರ್‌ಗೆ ಕಳಿಸಿ.