ಬೆಳಕಿಗೆಂದು ಎತ್ತಿಟ್ಟ ದುಡ್ಡು ಮೊದಲು ಬಲ್ಬಿಗೆ ಹೋಗಬೇಕಿಲ್ಲ

ಹಾಸನ ಜಿಲ್ಲೆಯಲ್ಲಿ ರಾತ್ರಿ ಕಾರು ಓಡಿಸುವವರಿಗೆ ಎರಡು ಬಗೆಯ ರಸ್ತೆ ಸಿಗುತ್ತದೆ. ಚನ್ನರಾಯಪಟ್ಟಣದ ಕಡೆಯಿಂದ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥದ್ದು. ನಡುವೆ ವಿಭಜಕ ಇರುವುದರಿಂದ ಎದುರು ವಾಹನದ ಬೆಳಕು ಅಷ್ಟಾಗಿ ಕಣ್ಣಿಗೆ ರಾಚುವುದಿಲ್ಲ. ಹಾಸನದಿಂದ ಹೊಳೆನರಸೀಪುರದ ಮೇಲೆ ಬಿಳಿಕೆರೆಗೆ ಹೋಗುವ 373ನೇ ಹೆದ್ದಾರಿಯಲ್ಲಾಗಲಿ, ಅರಕಲಗೂಡಿನ ದಾರಿಯಲ್ಲಾಗಲಿ ಈ ಅನುಕೂಲವಿಲ್ಲ. ಅಲ್ಲಿ ಎದುರಿಗೆ ಬರುವ ಲಾರಿಯ ದೀಪವನ್ನು ತಡೆದುಕೊಂಡೇ, ಎಡಬದಿಯಲ್ಲಿ ಹಿಂದೀಪವಿಲ್ಲದೆ ಸಾಗುವ ಕಬ್ಬಿನ ಟ್ರೇಲರನ್ನೋ ಹೊಲದಿಂದ ಮರಳುವ ದನಗಳನ್ನೋ ಬಣ್ಣ ಮಾಸಿದ ಹಂಪನ್ನೋ ಗುರುತಿಸಬೇಕು. ಹೊಗೆಸೊಪ್ಪಿನ ಕಾಲದಲ್ಲಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಮಾಲು ಹೊತ್ತ ವಾಹನಗಳೂ ಜೊತೆಗೂಡುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳ ಪ್ರಕಾರ ದೇಶದ ರಸ್ತೆ ಅಪಘಾತಗಳಲ್ಲಿ ಸುಮಾರು ಐದನೇ ಒಂದು ಭಾಗ ನಡೆಯುವುದು ಸಂಜೆ 6ರಿಂದ 9ರ ನಡುವೆ. ನಮ್ಮ ಕಡೆ ಜನ ಕೆಲಸ ಮುಗಿಸಿ ಊರಿಗೆ ಮರಳುವುದೂ ಅದೇ ಹೊತ್ತಿಗೆ.

ಹೀಗಿರುವಾಗ ‘ಬೆಳಕು ಸಾಲದು’ ಅನ್ನಿಸುವುದು ಸಹಜ. ಅನ್ನಿಸಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಬಿಡಿಭಾಗದ ಅಂಗಡಿಯ ಗಾಜಿನ ಕಪಾಟಿನಲ್ಲಿ ನೂರಿನ್ನೂರು ರೂಪಾಯಿಯ ಬಲ್ಬಿನಿಂದ ಹಿಡಿದು ಐದಾರು ಸಾವಿರದ ಎಲ್‌ಇಡಿ ಜೋಡಿಯವರೆಗೆ ಎಲ್ಲವೂ ಇವೆ. ಈ ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಿದರೆ ರೂಪಾಯಿಗೆ ಹೆಚ್ಚು ಬೆಳಕು ಸಿಗುತ್ತದೆ ಎಂಬುದೇ ಈ ವಾರದ ವಿಷಯ. ಅಂಕಣಕಾರನ ಹಳೆಯ ಸಣ್ಣ ಕಾರಿನ ಮೇಲೆಯೇ ಹಂತ ಹಂತವಾಗಿ ಮಾಡಿ ನೋಡಿದ ಲೆಕ್ಕ ಇದು.

ಮೊದಲು ಬಲ್ಬಿನ ಬಗ್ಗೆ ಎರಡು ಮಾತು. ಆಲ್ಟೊ, ಓಮ್ನಿ, ವ್ಯಾಗನ್‌ಆರ್, ಬೊಲೆರೊ ಹೀಗೆ ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ಹಲವು ಗಾಡಿಗಳಲ್ಲಿರುವುದು ಎಚ್‌4 ಹ್ಯಾಲೊಜೆನ್. 1971ರಲ್ಲಿ ಬಂದ ವಿನ್ಯಾಸ. ಒಂದೇ ಗಾಜಿನೊಳಗೆ ಎರಡು ತಂತಿ: ಹೈಬೀಮಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಡಿಮ್ ತಂತಿಯ ಕೆಳಗೆ ತಗಡಿನ ಪುಟ್ಟ ಬಟ್ಟಲು ಕಾಣುತ್ತದಲ್ಲ, ಬೆಳಕು ಎದುರಿನವರ ಕಣ್ಣಿಗೆ ಹೋಗದಂತೆ ತಡೆಯುವುದು ಅದೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 13.2 ವೋಲ್ಟ್ ಸಿಕ್ಕಾಗ ಈ ಬಲ್ಬು ಹೈಬೀಮಿನಲ್ಲಿ 1,650, ಡಿಮ್ಮಿನಲ್ಲಿ 1,000 ಲ್ಯೂಮೆನ್ ಬೆಳಕು ಕೊಡಬೇಕು. ಕಾರು ಹತ್ತು ವರ್ಷ ದಾಟಿದ್ದರೆ ಇದರಲ್ಲಿ ರಸ್ತೆಗೆ ಬೀಳುವುದು ಎಷ್ಟು, ದಾರಿಯಲ್ಲೇ ಸೋರಿಹೋಗುವುದು ಎಷ್ಟು ಎಂದು ಮೊದಲು ನೋಡಬೇಕು. ಬೆಳಕು ಸೋರುವ ಜಾಗ ಮೂರು.

ಮೊದಲನೆಯದು ಹೆಡ್‌ಲೈಟಿನ ಮುಂದಿನ ಕವಚ. ಈಗಿನ ಕಾರುಗಳಲ್ಲಿ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲು ಬಿದ್ದು ಅದು ಹಳದಿಯಾಗುತ್ತದೆ, ಮಬ್ಬಾಗುತ್ತದೆ. ಅಮೆರಿಕದ ವಾಹನ ಬಳಕೆದಾರರ ಸಂಸ್ಥೆ ಎಎಎ 2018ರಲ್ಲಿ ಪರೀಕ್ಷೆ ಮಾಡಿದಾಗ, ಪೂರಾ ಮಬ್ಬಾದ ಕವಚದ ಮೂಲಕ ಹೊಸದರ ಸುಮಾರು ಐದನೇ ಒಂದು ಭಾಗದಷ್ಟು ಬೆಳಕು ಮಾತ್ರ ಹೊರಬರುತ್ತಿತ್ತು. ಉಜ್ಜಿ ಪಾಲಿಶ್ ಮಾಡಿದ ಮೇಲೆ ಅದು ಶೇಕಡ 70ರ ಆಸುಪಾಸಿಗೆ ಬಂತು. ಕವಚ ಹೀಗಿರುವಾಗ ಒಳಗೆ ಎಷ್ಟು ದುಬಾರಿ ಬಲ್ಬು ಹಾಕಿದರೂ ಆ ಬೆಳಕು ಪ್ಲಾಸ್ಟಿಕ್ಕಿನಲ್ಲೇ ಚದುರುತ್ತದೆ. ಹಾಸನದಲ್ಲಿ ಕಾರು ತೊಳೆದು ಪಾಲಿಶ್ ಮಾಡುವವರು ಎರಡೂ ದೀಪಕ್ಕೆ ಸೇರಿಸಿ ಆರುನೂರರಿಂದ ಸಾವಿರ ರೂಪಾಯಿ ಕೇಳುತ್ತಾರೆ. ಉಜ್ಜುವಾಗ ಕವಚದ ಮೇಲಿನ ರಕ್ಷಣಾ ಪದರವೂ ಹೋಗುವುದರಿಂದ ಬಿಸಿಲು ತಡೆಯುವ ಹೊಸ ಲೇಪನ ಹಾಕಲೇಬೇಕು. ಲೇಪನವಿಲ್ಲದ ಪಾಲಿಶ್ ಕೆಲವೇ ತಿಂಗಳಲ್ಲಿ ಮತ್ತೆ ಮಂಜಾಗುತ್ತದೆ. ಒಳಗಿನ ಪ್ರತಿಫಲಕದ ಹೊಳಪೇ ಹೋಗಿದ್ದರೆ ಪಾಲಿಶ್‌ನಿಂದ ಉಪಯೋಗವಿಲ್ಲ, ದೀಪದ ಸೆಟ್ಟನ್ನೇ ಬದಲಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ ಕೇಳಿ ತೆಗೆದುಕೊಂಡರೆ ಈ ಇಳಿಕೆ ನಿಮ್ಮ ಕೈಗೂ ಸಿಕ್ಕಿದೆಯೇ ಎಂಬುದು ತಿಳಿಯುತ್ತದೆ.

ಎರಡನೆಯದು ದೀಪದ ದಿಕ್ಕು. ಇದಕ್ಕೆ ಖರ್ಚೇ ಇಲ್ಲ. ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ಹತ್ತು ಮೀಟರ್ ದೂರಕ್ಕೆ ಕಾರು ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕು ಕತ್ತಲೆ ಬೇರೆಯಾಗುವ ಗೆರೆ ಕಾಣುತ್ತದೆ. ಆ ಗೆರೆ ದೀಪದ ನಡುಮಟ್ಟಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಎಷ್ಟು ಇಳಿಯಬೇಕೆಂದು ಹಲವು ಕಾರುಗಳ ದೀಪದ ಮೇಲೆಯೇ ಅಚ್ಚಾಗಿರುತ್ತದೆ. ಗೆರೆ ತೀರ ಕೆಳಗಿದ್ದರೆ ನಿಮಗೆ ರಸ್ತೆ ಕಾಣದು, ಮೇಲಿದ್ದರೆ ಎದುರಿನವನಿಗೆ. ದೀಪದ ಹಿಂದಿರುವ ಸ್ಕ್ರೂ ತಿರುಗಿಸಿ ಇದನ್ನು ಸರಿಪಡಿಸಬಹುದು.

ಸ್ಟಿಯರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ಚಕ್ರ ಅನೇಕ ಕಾರುಗಳಲ್ಲಿದೆ, ಅದನ್ನು ಮುಟ್ಟುವವರು ಕಡಿಮೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಆಲೂಗಡ್ಡೆಯೋ ತೆಂಗಿನಕಾಯಿಯೋ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಬೆಳಕು ಮರದ ಕೊಂಬೆಗೆ ಹೋಗುತ್ತದೆ. ಆಗ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ರಸ್ತೆಗೆ ಇಳಿಯುತ್ತದೆ.

ಮೂರನೆಯದೇ ಮುಖ್ಯ: ವೋಲ್ಟೇಜು. ಹಳೆಯ ಗಾಡಿಗಳಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಸಣ್ಣ ವೈರಿನಲ್ಲಿ ಮತ್ತೆ ಮುಂದಕ್ಕೆ ಬಂದು ಬಲ್ಬು ಸೇರುತ್ತದೆ. ಬೋರ್‌ವೆಲ್ ನೀರು ಸಣ್ಣ ಪೈಪಿನಲ್ಲಿ ಹರಿದು ತೋಟದ ಕೊನೆ ಮುಟ್ಟುವಾಗ ರಭಸ ಕಳೆದುಕೊಳ್ಳುವ ಹಾಗೆ ಇಲ್ಲಿ ವೋಲ್ಟೇಜು ಕುಸಿಯುತ್ತದೆ. ಸ್ವಿಚ್ಚಿನ ಸುಟ್ಟ ಪಾಯಿಂಟು, ತುಕ್ಕು ಹಿಡಿದ ಅರ್ತು, ಸಡಿಲಾದ ಕಪ್ಲರು ಎಲ್ಲವೂ ಒಂದಿಷ್ಟು ನುಂಗುತ್ತವೆ. ಹ್ಯಾಲೊಜೆನ್ ತಂತಿಯ ಗುಣವೆಂದರೆ ವೋಲ್ಟೇಜು ಸ್ವಲ್ಪ ಕಡಿಮೆಯಾದರೂ ಬೆಳಕು ಬಹಳ ಕಡಿಮೆಯಾಗುತ್ತದೆ. ಶೇಕಡ 10ರಷ್ಟು ವೋಲ್ಟೇಜು ಹೋದರೆ ಶೇಕಡ 30ರಷ್ಟು ಬೆಳಕು ಹೋಗುತ್ತದೆ.

ಹಾಸನದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಅಂಕಣಕಾರನ ಕಾರಿನ ಬಾನೆಟ್ ಎತ್ತಿ ಇದನ್ನು ಕಣ್ಣೆದುರೇ ತೋರಿಸಿದರು. ಎಂಜಿನ್ ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಒತ್ತಿ ಹಿಡಿದಾಗ ಮುಳ್ಳಿಲ್ಲದ ಆ ಪುಟ್ಟ ಪರದೆಯಲ್ಲಿ 13.8 ಎಂದು ಬಂತು. ಅದೇ ಕಡ್ಡಿಗಳನ್ನು ಬಲ್ಬಿನ ಹಿಂದಿನ ಮೂರು ಕಾಲುಗಳ ಸಂದಿಗೆ ತೂರಿಸಿದಾಗ ಬಂದದ್ದು 12. ಕಪ್ಲರಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ‘ನೋಡಿ ಸಾರ್, ಬಲ್ಬ್ ಏನೂ ತಪ್ಪು ಮಾಡಿಲ್ಲ. ಊಟನೇ ಸರಿಯಾಗಿ ಹೋಗ್ತಿಲ್ಲ ಅದಕ್ಕೆ’ ಎಂದರು. ರಿಲೇ ಕಿಟ್ ಹಾಕಿದರು. ಇದರಲ್ಲಿ ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸಿನ ಮೂಲಕ ನೇರವಾಗಿ ಬರುತ್ತದೆ. ಹಳೆಯ ಸ್ವಿಚ್ಚು ರಿಲೇಯನ್ನು ಚಾಲೂ ಮಾಡಲು ಮಾತ್ರ. ಅದಾದ ಮೇಲೆ ಬಲ್ಬಿನ ಕಾಲಲ್ಲಿ 13.3 ಬಂತು. ಲೆಕ್ಕ ಹಾಕಿದರೆ ಬಲ್ಬು ಬದಲಿಸದೆಯೇ ಸುಮಾರು ಶೇಕಡ 40ರಷ್ಟು ಹೆಚ್ಚು ಬೆಳಕು. ಕಿಟ್ಟು, ಕೂಲಿ ಎರಡೂ ಸೇರಿ ಖರ್ಚು ಸಾವಿರದಿನ್ನೂರರ ಆಸುಪಾಸು. ಈ ಇಡೀ ಪ್ರಯೋಗದಲ್ಲಿ ಕೊಟ್ಟ ರೂಪಾಯಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಕೆಲಸ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ವೈರು ಕತ್ತರಿಸಲು ಯಾರಿಗೂ ಬಿಡಬೇಡಿ. ಕತ್ತರಿಸದೆ ಕಪ್ಲರಿಗೆ ಸಿಕ್ಕಿಸುವ ಕಿಟ್‌ಗಳೇ ಸಿಗುತ್ತವೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಹೊಸ ಮಾದರಿಯ ಬಹಳಷ್ಟು ಕಾರುಗಳಲ್ಲಿ ರಿಲೇ ಮೊದಲೇ ಇರುತ್ತದೆ. ಹಾಗಾಗಿ ಮೀಟರಿನಲ್ಲಿ ಅಳೆದ ಮೇಲೆಯೇ ಕಿಟ್ ಬೇಕೇ ಬೇಡವೇ ಎಂದು ತೀರ್ಮಾನಿಸುವುದು ಸರಿ.

ಇಷ್ಟಾದ ಮೇಲೆ ಬಲ್ಬಿನ ಸರದಿ. ಒಳ್ಳೆಯ ಕಂಪನಿಯ ಸಾಮಾನ್ಯ 60/55 ಬಲ್ಬು ಜೋಡಿಗೆ ನಾನೂರು ರೂಪಾಯಿಯೊಳಗೆ ಸಿಗುತ್ತದೆ. ‘ಶೇಕಡ 130 ಹೆಚ್ಚು’, ‘ಶೇಕಡ 150 ಹೆಚ್ಚು’ ಎಂದು ಡಬ್ಬಿಯ ಮೇಲೆ ಬರೆದ ಓಸ್ರಾಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ತರಹದವು ಜೋಡಿಗೆ ಎರಡು ಸಾವಿರದ ಸುತ್ತ. ಇವೂ 60/55 ವಾಟೇ. ತಂತಿಯನ್ನು ಹೆಚ್ಚು ಬಿಸಿಯಾಗುವಂತೆ, ಹೆಚ್ಚು ಕರಾರುವಾಕ್ಕಾಗಿ ಸುತ್ತಿರುತ್ತಾರೆ. ಆ ‘130’ ಎಂಬ ಲೆಕ್ಕ ಕಾನೂನಿನ ಕನಿಷ್ಠ ಮಿತಿಗೆ ಹೋಲಿಸಿ ಹೇಳಿದ್ದು, ಅದೂ ರಸ್ತೆಯ ಕೆಲವು ಬಿಂದುಗಳಲ್ಲಿ ಅಳೆದದ್ದು. ರಸ್ತೆ ಒಂದಕ್ಕೆ ಎರಡರಷ್ಟು ಬೆಳಗುತ್ತದೆ ಎಂದು ಯಾರೂ ತಿಳಿಯಬಾರದು. ವ್ಯತ್ಯಾಸ ಇರುವುದು ನಿಜ, ಡಿಮ್ಮಿನ ಬೆಳಕು ಒಂದಿಷ್ಟು ಮುಂದಕ್ಕೆ ಚಾಚುತ್ತದೆ. ಆದರೆ ಹೆಚ್ಚು ಬಿಸಿಯಲ್ಲಿ ಉರಿಯುವ ತಂತಿ ಬೇಗ ಸವೆಯುತ್ತದೆ, ಆಯುಷ್ಯ ಸಾಮಾನ್ಯ ಬಲ್ಬಿನ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನವೂ ಹೋಗಿ ಬರುವವರ ದೀಪ ದಿನಕ್ಕೆ ಒಂದು ಗಂಟೆ ಉರಿದರೂ ವರ್ಷಕ್ಕೆ ಮುನ್ನೂರು ಗಂಟೆಯಾಯಿತು. ಅಂಥವರಿಗೆ ಇದು ವರ್ಷವರ್ಷವೂ ಬರುವ ಖರ್ಚು. ವಾರಕ್ಕೊಮ್ಮೆ ಅರಕಲಗೂಡಿನ ತೋಟಕ್ಕೆ ಹೋಗಿ ಬರುವವರಿಗೆ ಅದೇ ಜೋಡಿ ಹಲವು ವರ್ಷ ಬಾಳುತ್ತದೆ. ನೀಲಿ ಬಣ್ಣ ಬಳಿದ ಬಲ್ಬು ಮಾತ್ರ ಯಾರಿಗೂ ಬೇಡ. ಆ ಬಣ್ಣ ಬೆಳಕನ್ನು ತಡೆಯುತ್ತದೆಯೇ ಹೊರತು ಕೂಡಿಸುವುದಿಲ್ಲ. ಯಾವುದೇ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ.

ಅಂಗಡಿಯಲ್ಲಿ ಇನ್ನೊಂದು ಸಲಹೆ ಬರುತ್ತದೆ: ‘ನೂರು-ತೊಂಬತ್ತು ಹಾಕ್ಬಿಡಿ ಅಣ್ಣ, ಹಗಲಾಗುತ್ತೆ.’ 100/90 ವಾಟಿನ ಬಲ್ಬಿನ ಮಾತು ಅದು. ಬೆಲೆ ಹೆಚ್ಚಿಲ್ಲ, ಬೆಳಕೂ ಹೆಚ್ಚು. ಆದರೆ 60 ವಾಟಿನ ಬಲ್ಬು 5 ಆಂಪಿಯರ್ ಎಳೆದರೆ ಇದು 8ಕ್ಕೂ ಮೇಲೆ ಎಳೆಯುತ್ತದೆ. ಕಂಪನಿಯ ವೈರು, ಕಪ್ಲರು ಅದಕ್ಕೆಂದು ಮಾಡಿದವಲ್ಲ. ಮೊದಲು ಕಪ್ಲರು ಕರಗುತ್ತದೆ, ಆಮೇಲೆ ಪ್ರತಿಫಲಕದ ಹೊಳಪು ಸುಡುತ್ತದೆ. ಎಚ್‌4 ಮಾನದಂಡವೇ 60/55 ಆಗಿರುವಾಗ ಇದು ನಿಯಮಕ್ಕೂ ಹೊರಗು. ಸಾವಿರಗಟ್ಟಲೆ ಬೆಲೆಯ ದೀಪದ ಸೆಟ್ಟನ್ನು ಇನ್ನೂರು ರೂಪಾಯಿಯ ಬಲ್ಬಿಗಾಗಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಹೋಗದು.

ಇನ್ನು ಎಲ್‌ಇಡಿ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ದೀಪ ಬೇರೆ, ಹ್ಯಾಲೊಜೆನ್ ಬಟ್ಟಲಿಗೆ ತುರುಕಿದ ಎಲ್‌ಇಡಿ ಬೇರೆ. ಹ್ಯಾಲೊಜೆನ್ ಪ್ರತಿಫಲಕ ಕೆಲವೇ ಮಿಲಿಮೀಟರ್ ಉದ್ದದ ತಂತಿಯ ಜಾಗವನ್ನು ಹಿಡಿದು ಲೆಕ್ಕ ಹಾಕಿ ಮಾಡಿದ್ದು. ಬೆಳಕು ಹುಟ್ಟುವ ಜಾಗ ಕೊಂಚ ಸರಿದರೂ ಅದು ಅಡ್ಡಾದಿಡ್ಡಿ ಚೆಲ್ಲುತ್ತದೆ. ಕಾರಿನ ಮೂತಿಯ ಮುಂದಿನ ಹತ್ತಿಪ್ಪತ್ತು ಮೀಟರ್ ಬೆಳ್ಳಗೆ ಹೊಳೆಯುವುದರಿಂದ ಓಡಿಸುವವನಿಗೆ ಖುಷಿ ಅನ್ನಿಸುತ್ತದೆ. ಆ ಹೊಳಪಿಗೆ ಕಣ್ಣು ಒಗ್ಗಿದ ಮೇಲೆ ದೂರದ ಕತ್ತಲೆಯಲ್ಲಿ ಇರುವುದು ಇನ್ನೂ ಕಡಿಮೆ ಕಾಣುತ್ತದೆ. ಡಿಸೆಂಬರ್–ಜನವರಿಯ ಇಬ್ಬನಿಯಲ್ಲೂ ಜಡಿಮಳೆಯಲ್ಲೂ ಹೀಗೆ ಚೆಲ್ಲಿದ ಬಿಳಿ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಜರ್ಮನಿಯಲ್ಲಿ 2020ರಿಂದ ಇಂಥ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ. ಅದೂ ಪರೀಕ್ಷೆಯಲ್ಲಿ ಪಾಸಾಗಿ ಪಟ್ಟಿಯಲ್ಲಿ ಹೆಸರಿರುವ ಕಾರುಗಳಿಗೆ ಮಾತ್ರ.

ನಮ್ಮ ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಎದುರಿಗೆ ಬರುವ ಬೈಕಿನವರ ಕಣ್ಣಿನ ಎತ್ತರವೇ ಹೆಚ್ಚುಕಡಿಮೆ. 2024ರ ಜುಲೈನಿಂದ ರಾಜ್ಯ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಕೇಸು ಹಾಕಲು ಶುರು ಮಾಡಿದರು. ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿದರೆ 1,500. ನಾಲ್ಕೈದು ಸಾವಿರ ಕೊಟ್ಟು ಹಾಕಿಸಿದ ಕಿಟ್ಟಿನ ಲೆಕ್ಕಕ್ಕೆ ಈ ದಂಡವನ್ನೂ ಸೇರಿಸಿ ನೋಡಬೇಕು.

ದುಡ್ಡಿಲ್ಲದೆ ಸಿಗುವ ಬೆಳಕೂ ಉಂಟು. ಮುಂದಿನ ಗಾಜನ್ನು ಒಳಗಿನಿಂದ ಒರೆಸಿ, ಅಲ್ಲಿ ಕೂತ ತೆಳು ಜಿಡ್ಡೇ ಎದುರು ಬೆಳಕನ್ನು ಹರಡುವುದು. ಐವತ್ತು ದಾಟಿದವರು ಬಲ್ಬಿಗಿಂತ ಮೊದಲು ಕಣ್ಣು ತೋರಿಸಿಕೊಳ್ಳಲಿ. ಪೊರೆ ಬರತೊಡಗಿದಾಗ ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು, ಕಣ್ಣು ಕೋರೈಸುವುದು ಸಾಮಾನ್ಯ, ಅದಕ್ಕೆ ಯಾವ ಬಲ್ಬಿನಲ್ಲೂ ಮದ್ದಿಲ್ಲ. ಮತ್ತೆ ವೇಗ. ಡಿಮ್ಮಿನಲ್ಲಿ ಚೆನ್ನಾಗಿ ಕಾಣುವುದು ಐವತ್ತು ಅರವತ್ತು ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಂಡು, ಬ್ರೇಕ್ ಒತ್ತಿ, ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಲ್ಲಿ ಎಪ್ಪತ್ತು ಮೀಟರಿನ ಆಸುಪಾಸು. ದೀಪವಿಲ್ಲದ ಟ್ರೇಲರು ಮುಂದಿದ್ದರೆ 60ರಲ್ಲಿ ಬರುವವನು ನಿಲ್ಲುತ್ತಾನೆ, 80ರಲ್ಲಿ ಬರುವವನು ಗುದ್ದುತ್ತಾನೆ.

ಒಟ್ಟು ಲೆಕ್ಕ ಹೀಗೆ: ಪಾಲಿಶ್ ಮತ್ತು ಲೇಪನ ಎಂಟುನೂರು, ರಿಲೇ ಕಿಟ್ ಸಾವಿರದಿನ್ನೂರು, ಹೊಸ ಸಾಮಾನ್ಯ ಬಲ್ಬಿನ ಜೋಡಿ ನಾನೂರು. ಎರಡು ಸಾವಿರದ ನಾನೂರರಲ್ಲಿ ಹಳೆಯ ಕಾರಿನ ದೀಪ ಹೊಸದರ ಹತ್ತಿರಕ್ಕೆ ಬರುತ್ತದೆ, ಕಾನೂನಿನೊಳಗೇ ಉಳಿಯುತ್ತದೆ. ಇನ್ನೂ ಬೇಕೆನ್ನುವವರು ಮಾತ್ರ ದುಬಾರಿ ಹ್ಯಾಲೊಜೆನ್ ಜೋಡಿಗೆ ಹೋಗಲಿ. ಎಲ್‌ಇಡಿ ಕಿಟ್ಟಿಗೆಂದು ದುಡ್ಡು ತೆಗೆದಿಟ್ಟವರು ಅಂಗಡಿಗೆ ಹೋಗುವ ಮುನ್ನ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಬಲ್ಬಿನ ಕಾಲಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಅಳೆಸಿ ನೋಡಿ. ಹೊಳೆನರಸೀಪುರದ ರಸ್ತೆಯಲ್ಲಿ ಎದುರಿಗೆ ಬೈಕು ಕಂಡಾಗ ಡಿಮ್ ಮಾಡುವುದನ್ನೂ ಮರೆಯಬೇಡಿ.